ಊರಿನ ಚರಿತ್ರೆ ಅಟ್ಟದ ಮೇಲಿದೆ

ಹೋದ ವರ್ಷ ನಮ್ಮೂರ ಗುಡಿ ಜೀರ್ಣೋದ್ಧಾರವಾದಾಗ ಸಮಿತಿಯವರು ನಮ್ಮ ಮನೆಗೆ ಬಂದಿದ್ದರು. "ಮೇಷ್ಟ್ರೇ, ಕರಪತ್ರದ ಜೊತೆಗೆ ಒಂದು ಚಿಕ್ಕ ಪುಸ್ತಕಾನೂ ಅಚ್ಚು ಹಾಕಿಸ್ತಾ ಇದೀವಿ. ನಮ್ಮೂರ ಚರಿತ್ರೆ ಅಂತ ನಾಲ್ಕು ಪುಟ ಬರಕೊಡಿ" ಅಂದರು. ಸಂತೋಷದಿಂದ ಒಪ್ಪಿಕೊಂಡೆ. ಹದಿನೈದು ದಿನ ಓಡಾಡಿ, ಹಿರಿಯರನ್ನು ಕೇಳಿ, ಬರೆದುಕೊಟ್ಟೆ. ಕೆರೆ ಏರಿಯ ಪಕ್ಕ ಬಿದ್ದಿರುವ ವೀರಗಲ್ಲಿನ ವಿಷಯ ಬರೆದೆ. ಧಾತು ಈಶ್ವರ ಬರದಲ್ಲಿ ಯಾವ ಯಾವ ಮನೆ ಬೀಗ ಹಾಕಿಕೊಂಡು ಗುಳೆ ಹೋಯಿತು ಎಂದು ಅಜ್ಜಂದಿರ ಬಾಯಲ್ಲಿ ಉಳಿದಿದ್ದನ್ನು ಬರೆದೆ. ಇಸ್ಕೂಲು ಮೊದಲು ಯಾರ ಪಡಸಾಲೆಯಲ್ಲಿ ನಡೆಯುತ್ತಿತ್ತು, ಸೇದುವ ಬಾವಿಯಲ್ಲಿ ಯಾರಿಗೆ ನೀರು ಸೇದಲು ಬಿಡುತ್ತಿರಲಿಲ್ಲ, ಅದು ಯಾವಾಗ ನಿಂತಿತು, ಇದನ್ನೂ ಬರೆದೆ.

ವಾರದ ಮೇಲೆ ಕಾಗದ ವಾಪಸ್ಸು ಬಂತು. "ಎಲ್ಲಾ ಚೆನ್ನಾಗೈತೆ ಮೇಷ್ಟ್ರೇ. ಆದ್ರೆ ಇದರಾಗೆ ರಾಜ ಎಲ್ಲಿ? ದೇವರೆಲ್ಲಿ? ಬಾವಿ ಮಾತು ಈಗ ಯಾಕೆ ಬಿಡಿ, ಹಬ್ಬದ ಹೊತ್ತಿನಾಗೆ" ಅಂದರು. ಕೊನೆಗೆ ಪುಸ್ತಕ ಅಚ್ಚಾಗಿ ಬಂತು. ಅದರಲ್ಲಿ ಪಾಂಡವರು ವನವಾಸದ ಕಾಲದಲ್ಲಿ ನಮ್ಮ ಬೆಟ್ಟದ ಮೇಲೆ ತಂಗಿದ್ದರು. ಭೀಮನ ಹೆಜ್ಜೆ ಬಂಡೆಯ ಮೇಲೆ ಮೂಡಿತ್ತು. ಕೃಷ್ಣದೇವರಾಯರು ದಂಡು ನಿಲ್ಲಿಸಿ ಕೈಮುಗಿದು ಹೋಗಿದ್ದರು. ನಾನು ಸುತ್ತಿರುವಷ್ಟು ಊರುಗಳಲ್ಲಿ ಈ ಪಾಂಡವರು ಇಲ್ಲದ ಬೆಟ್ಟವನ್ನು ನೋಡಿಲ್ಲ. ಒಂದೊಂದು ಬೆಟ್ಟದಲ್ಲಿ ಒಂದೊಂದು ತಿಂಗಳು ಇದ್ದಿದ್ದರೂ ಪಾಪ, ಅವರಿಗೆ ಹನ್ನೆರಡು ವರ್ಷ ಎಲ್ಲಿ ಸಾಲುತ್ತಿತ್ತು?

ಸಮಿತಿಯವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರೂ ನಮ್ಮವರೇ. ಅರ್ಧ ಜನ ನನ್ನ ಕೈಯಲ್ಲೇ ಓದಿದವರು. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದರೆ ಇದು ಒಂದು ಊರಿನ ಕಥೆಯಲ್ಲ. ರಾಯದುರ್ಗದ ಕಡೆ ಹೋಗಿ, ಮಡಕಶಿರದ ಕಡೆ ಬನ್ನಿ, ಎಲ್ಲಾ ಕಡೆ ಇದೇ ಪಾಡು. ಚರಿತ್ರೆ ಅಂದರೆ ಬೆಟ್ಟದ ಮೇಲಿನದು, ಬೆಟ್ಟದ ಕೆಳಗೆ ಇರುವುದು ಬರೀ ಬದುಕು, ಅದನ್ನು ಬರೆಯುವುದು ಏನಿದೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಈ ನಂಬಿಕೆ ಸುಳ್ಳು, ಮತ್ತು ಇದರಿಂದ ನಮಗೆ ನಷ್ಟವಾಗುತ್ತಿದೆ ಎಂದು ಹೇಳುವುದಕ್ಕೇ ಈ ಲೇಖನ.

ಮೊದಲು ಬೆಟ್ಟದ ಮೇಲಿನದನ್ನೇ ನೋಡೋಣ. ರಾಯದುರ್ಗದ ಕೋಟೆಯ ಕಥೆ ಎಲ್ಲರಿಗೂ ಗೊತ್ತು. ಮೊದಲು ಅಲ್ಲಿ ಬೇಡರು ಇದ್ದರಂತೆ. ವಿಜಯನಗರದ ಅರಸರು ಭೂಪತಿರಾಯ ಎಂಬ ಅಧಿಕಾರಿಯನ್ನು ಕಳಿಸಿ ಅವರನ್ನು ಓಡಿಸಿದರಂತೆ. ಅವನ ಹೆಸರಿನಿಂದಲೇ ಅದು ಭೂಪತಿರಾಯನ ಕೊಂಡವಾಗಿ, ಆಮೇಲೆ ರಾಯದುರ್ಗವಾಯಿತಂತೆ. ಮುಂದೆ ಕೋನೇಟಿ ನಾಯಕನ ಮನೆತನ ಬಂತು. ಹೈದರ್ ಬಂದ, ಟಿಪ್ಪು ಬಂದ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಿಜಾಮರ ಲೆಕ್ಕಕ್ಕೆ ಹೋಯಿತು, 1800ರಲ್ಲಿ ನಿಜಾಮರು ಈ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟರು. ಮಡಕಶಿರದ ಕಥೆಯೂ ಸುಮಾರು ಇದೇ. ಪಾಳೆಯಗಾರರು, ಶಿರಾದ ಮೊಗಲ್ ಸುಬೇದಾರರು, ಮರಾಠರು, ಮೈಸೂರಿನವರು, ಕೊನೆಗೆ ಅದೇ ಕಂಪನಿ.

ಈ ಪಟ್ಟಿಯನ್ನು ಮಕ್ಕಳು ಬಾಯಿಪಾಠ ಮಾಡಬಹುದು, ತಪ್ಪಿಲ್ಲ. ಆದರೆ ಸ್ವಲ್ಪ ನಿಂತು ಯೋಚಿಸಿ. ಇದು ಏನಿನ ಪಟ್ಟಿ? ನಮ್ಮಿಂದ ಕಂದಾಯ ವಸೂಲು ಮಾಡಿದವರ ಪಟ್ಟಿ. ಮೇಲೆ ಕೂತವನು ಬದಲಾದ, ಕೆಳಗೆ ರಾಗಿ ಬಿತ್ತಿದವನು ಬದಲಾಗಲಿಲ್ಲ. ಕೋಟೆ ಗೋಡೆಗೆ ಕಲ್ಲು ಹೊತ್ತವರು ಯಾರು? ಬೆಟ್ಟದ ಮೇಲಿನ ಕೊಳ ತೋಡಿದವರು ಯಾವ ಊರಿನವರು? ದಂಡು ಬಂದಾಗ ದನ ಹೊಡೆದುಕೊಂಡು ಯಾವ ಕಾವಲಿಗೆ ಓಡಿದರು? ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಇನ್ನೊಂದು ಮಾತು. ಆ ಬೇಡರ ವಿಷಯ. ಇಂಗ್ಲಿಷರ ಕಾಲದ ಪುಸ್ತಕಗಳಲ್ಲಿ ಅವರು ಪುಂಡರು, ಅಂಕೆಗೆ ಸಿಗದವರು. ಯಾರ ಅಂಕೆಗೆ? ಬೆಟ್ಟ ಅವರದಾಗಿತ್ತು, ಬೇರೆಯವರು ಬಂದು ಇಳಿಸಿದರು, ಇಳಿಸಿದವನ ಹೆಸರು ಊರಿಗೆ ಬಂತು, ಇಳಿದವರಿಗೆ ಪುಂಡರು ಎಂಬ ಹೆಸರು ಬಂತು. ನಮ್ಮ ಮಕ್ಕಳು ಅದನ್ನೇ ಓದಿ ಪರೀಕ್ಷೆ ಬರೆಯುತ್ತಾರೆ. ಆ ತರಗತಿಯಲ್ಲಿ ಬೇಡರ ಮನೆಯ ಹುಡುಗನೂ ಕೂತಿರುತ್ತಾನೆ. ಬರೆಯುವವನು ಯಾರು ಅನ್ನುವುದರ ಮೇಲೆ ಚರಿತ್ರೆ ನಿಂತಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಹಾಗಾದರೆ ಕೆಳಗಿನವರ ಚರಿತ್ರೆಗೆ ಸಾಕ್ಷಿ ಎಲ್ಲಿದೆ ಅಂತ ಕೇಳುತ್ತೀರಿ. ಸಾಕ್ಷಿ ಕಾಲಿಗೆ ಎಡವುತ್ತಿದೆ. ಅಮರಾಪುರದ ಹತ್ತಿರದ ಹೇಮಾವತಿಗೆ ಹೋಗಿ ನೋಡಿ. ಈಗ ಅದು ಒಂದು ಹಳ್ಳಿ. ಸಾವಿರದ ನೂರು ವರ್ಷದ ಹಿಂದೆ ಅದು ಹೆಂಜೇರು, ನೊಳಂಬರ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾಸಿರ ಎಂದರೆ ಸಣ್ಣ ಸೀಮೆಯಲ್ಲ. ಅಲ್ಲಿಯ ಸಿದ್ಧೇಶ್ವರ ಲಿಂಗರೂಪದಲ್ಲಿಲ್ಲ, ಮನುಷ್ಯನ ಹಾಗೆ ಕೂತಿದ್ದಾನೆ. ಆ ಗುಡಿಗಳ ಕಲ್ಲಿನ ಕೆಲಸ ನೋಡಿದರೆ ಆಚಾರಿಯ ಕೈಗೆ ಮುತ್ತಿಡಬೇಕು ಅನ್ನಿಸುತ್ತದೆ. ತಲಕಾಡಿನ ಗಂಗರ ಮಾರಸಿಂಹ ಹತ್ತನೆಯ ಶತಮಾನದಲ್ಲಿ ನೊಳಂಬಕುಲಾಂತಕ ಎಂದು ಬಿರುದು ಹಾಕಿಕೊಂಡ. ಆಮೇಲೆ ಚೋಳರು ಬಂದರು. ತಮಿಳುನಾಡಿನ ತಿರುವೈಯಾರಿನ ಗುಡಿಯಲ್ಲಿ ಇರುವ ನೊಳಂಬ ಶೈಲಿಯ ಕಂಬಗಳು ಈ ಕಡೆಯಿಂದ ಹೊತ್ತೊಯ್ದವು ಎಂದು ಬಲ್ಲವರು ಹೇಳುತ್ತಾರೆ. ಇಂಗ್ಲಿಷರ ಕಾಲದಲ್ಲಿ ಮತ್ತಷ್ಟು ಶಿಲ್ಪಗಳು ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಹೋದವು.

ಅಂದರೆ ಲೆಕ್ಕ ಹೀಗಿದೆ. ಹೊರಗಿನವರಿಗೆ ನಮ್ಮ ಕಲ್ಲಿನ ಬೆಲೆ ಗೊತ್ತಿತ್ತು, ಹೊತ್ತುಕೊಂಡು ಹೋದರು. ನಮಗೆ ಗೊತ್ತಿಲ್ಲ, ಉಳಿದಿದ್ದಕ್ಕೆ ಸುಣ್ಣ ಬಳಿದಿದ್ದೇವೆ. ಮೈಸೂರಿನ ಲೂಯಿ ರೈಸ್ ಸಾಹೇಬರು ಹೇಮಾವತಿಯ ಶಾಸನಗಳನ್ನು ಓದಿಸಿ, ಶಿರಾ ತಾಲೂಕಿನ ಲೆಕ್ಕದಲ್ಲಿ ಅಚ್ಚು ಹಾಕಿಸಿದರು. ಮದರಾಸ್ ಪ್ರಾಂತ್ಯದ ಕನ್ನಡ ಶಾಸನಗಳದ್ದೇ ಒಂದು ದಪ್ಪ ಸಂಪುಟ 1939ರಲ್ಲಿ ಹೊರಬಂತು. ಆರ್. ಶಾಮಶಾಸ್ತ್ರಿಗಳು ಮತ್ತು ಎನ್. ಲಕ್ಷ್ಮೀನಾರಾಯಣರಾಯರು ಅದರ ಸಂಪಾದಕರು. ನಮ್ಮ ಅನಂತಪುರ, ಬಳ್ಳಾರಿ ಸೀಮೆಯ ಊರುಗಳೇ ಅದರಲ್ಲಿ ಸಾಲುಸಾಲಾಗಿವೆ. ಎಷ್ಟು ಊರಿನವರು ಅದನ್ನು ತೆಗೆದು ನೋಡಿದ್ದೇವೆ? ಕೈ ಎತ್ತಿ ನೋಡೋಣ. ನಾನೂ ಎತ್ತುವ ಹಾಗಿರಲಿಲ್ಲ, ಮೇಷ್ಟ್ರಾಗಿ ಇಪ್ಪತ್ತು ವರ್ಷ ಆದ ಮೇಲೆ ನೋಡಿದೆ.

ಆ ಶಾಸನಗಳಲ್ಲಿ ರಾಜರೊಬ್ಬರೇ ಇಲ್ಲ ಎನ್ನುವುದನ್ನು ಗಮನಿಸಬೇಕು. ರಾಜನ ಹೆಸರು ಮೇಲಿನ ಸಾಲಿನಲ್ಲಿ ಮರ್ಯಾದೆಗೆ ಇರುತ್ತದೆ. ಕೆಳಗೆ ಬಂದರೆ ಕೆರೆ ಕಟ್ಟಿಸಿದವನು, ದನ ಬಿಡಿಸಲು ಹೋಗಿ ಸತ್ತವನು, ಗುಡಿಗೆ ಗದ್ದೆ ಬಿಟ್ಟವನು. ರಾಯದುರ್ಗದಲ್ಲಿ 1355ರಲ್ಲಿ ಶಾಂತಿನಾಥ ಜಿನನ ಮೂರ್ತಿ ನಿಲ್ಲಿಸಿದ ಭೋಗರಾಜ ಒಬ್ಬ ವ್ಯಾಪಾರಿ. ಒಂದನೇ ಹರಿಹರನ ಕಾಲ ಅದು, ವಿಜಯನಗರ ಇನ್ನೂ ಕಣ್ಣು ಬಿಡುತ್ತಿದ್ದ ಹೊತ್ತು. ಇವತ್ತು ರಾಯದುರ್ಗದಲ್ಲಿ ಜೈನರ ಸಂತೆ ಇತ್ತು, ಮಠ ಇತ್ತು, ಗುರುಗಳಿದ್ದರು ಅಂದರೆ ಊರಿನವರೇ ಬೆರಗಾಗಿ ನೋಡುತ್ತಾರೆ. ಬೆಟ್ಟದ ಮೇಲಿನ ಕೆತ್ತನೆಗಳಿಗೆ ನಾವು ರಸಸಿದ್ಧರ ಹೆಸರಿಟ್ಟು ಬಾಳೆಹಣ್ಣು ಇಟ್ಟು ಬರುತ್ತೇವೆ. ಇಡೋಣ, ಭಕ್ತಿಗೆ ನನ್ನ ಅಡ್ಡಿಯಿಲ್ಲ. ಆದರೆ ಯಾರಿಗೆ ಇಡುತ್ತಿದ್ದೇವೆ ಅನ್ನುವುದಾದರೂ ಗೊತ್ತಿರಬೇಕಲ್ಲವೇ?

ಕಲ್ಲಿನ ಮಾತು ಆಯಿತು. ಈಗ ಕಾಗದದ ಮಾತು. ಲೇಖನಕ್ಕೆ ಅಟ್ಟದ ಹೆಸರು ಇಟ್ಟದ್ದು ಇದಕ್ಕೇ.

1800ರಿಂದ 1807ರ ತನಕ ಥಾಮಸ್ ಮನ್ರೋ ಈ ಸೀಮೆಗೆ ಮುಖ್ಯ ಕಲೆಕ್ಟರಾಗಿದ್ದ. ಅನಂತಪುರದಲ್ಲಿ ಕೂತು, ಪಾಳೆಯಗಾರರನ್ನು ಮಣಿಸಿ, ಹೊಲಹೊಲವನ್ನೂ ಅಳೆಸಿದ. ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯ ಜನ ಊರೂರು ತಿರುಗಿ ಕೈಫಿಯತ್ತು ಬರೆಸಿಕೊಂಡರು. 1858ರ ಹೊತ್ತಿಗೆ ಇನಾಂ ಕಮಿಷನ್ ಬಂದು ಯಾವ ಗುಡಿಗೆ, ಯಾವ ತಳವಾರನಿಗೆ, ಯಾವ ನೀರಗಂಟಿಗೆ ಎಷ್ಟು ಮಾನ್ಯ ಎಂದು ಕೇಳಿ ಬರೆಯಿತು. ಬರೆಸಿದವರು ದೊರೆಗಳು, ಸರಿ. ಆದರೆ ಹೇಳಿದವರು ಯಾರು? ನಮ್ಮೂರ ಕರಣಂ, ಗೌಡ, ತಳವಾರ. ಅವರ ಕೈಯಲ್ಲಿ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲಿನ ಪುಡಿ ಬಳಿದು, ಒಣಗಿಸಿ, ಮಡಿಚಿ, ಬಳಪದಲ್ಲಿ ಬರೆದ ಲೆಕ್ಕ. ಆಮೇಲೆ ಕಾಗದ ಬಂತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದೆಲ್ಲ ಮೋಡಿ ಕನ್ನಡದಲ್ಲಿ ಇತ್ತು.

1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕರಣಂ, ಮುನಸೀಬು ಹುದ್ದೆಗಳನ್ನು ತೆಗೆದುಹಾಕಿತು. ಮಾರನೆಯ ವರ್ಷ ತಾಲೂಕು ಹೋಗಿ ಮಂಡಲ ಬಂತು. ಹುದ್ದೆ ಹೋದದ್ದಕ್ಕೆ ನಾನು ಅಳುವವನಲ್ಲ. ಅಪ್ಪನಿಂದ ಮಗನಿಗೆ ಬರುವ ಆ ಅಧಿಕಾರದಿಂದ ಊರಿನ ಬಡವರು ಪಟ್ಟ ಪಾಡು ನಮಗೆಲ್ಲ ಗೊತ್ತು. ಆದರೆ ಹುದ್ದೆಯ ಜೊತೆಗೆ ಕಟ್ಟುಗಳೂ ಅನಾಥವಾದವು. ಲೆಕ್ಕಕ್ಕೆ ಬೇಕಾದ ಅಡಂಗಲ್ ಸರ್ಕಾರಕ್ಕೆ ಹೋಯಿತು, ಉಳಿದ ಹಳೆಯದೆಲ್ಲ ಅಟ್ಟಕ್ಕೆ ಹೋಯಿತು. ಅಟ್ಟದ ಮೇಲೆ ಇಲಿ, ಗೆದ್ದಲು, ಸೋರುವ ಮಾಳಿಗೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ಊರಿನಲ್ಲಿ ಹಳೆ ಮನೆ ಕೆಡವುತ್ತಿದ್ದರು. ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. ಕೆಂಪು ಬಟ್ಟೆಯ ಕಟ್ಟುಗಳು ಒಂದೊಂದೇ ತೂಕಕ್ಕೆ ಬೀಳುತ್ತಿದ್ದವು. "ಏನಪ್ಪಾ ಇದು?" ಅಂದೆ. ಮನೆಯ ಹುಡುಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, "ಸಾರ್, ಯಾವ ಭಾಷೆನೋ ಗೊತ್ತಾಗ್ತಾ ಇಲ್ಲ, ನಮಗೆ ಯೂಸ್ ಇಲ್ಲ" ಅಂದ. ಅದು ಕನ್ನಡ. ಅವನ ತಾತನ ಕೈಬರಹ. ನಾನು ಎರಡು ಕಟ್ಟು ದುಡ್ಡು ಕೊಟ್ಟು ತಂದೆ. ಉಳಿದದ್ದು ಗುಜರಿಯವನ ಚೀಲಕ್ಕೆ ಹೋಯಿತು.

"ಹೋದರೆ ಹೋಯ್ತು, ಅದರಿಂದ ಹೊಟ್ಟೆ ತುಂಬುತ್ತಾ?" ಅನ್ನುವವರಿಗೆ ಉತ್ತರವೂ ಅದೇ ಊರಿನಲ್ಲಿದೆ. ಎರಡು ವರ್ಷದ ಮೇಲೆ ಅಲ್ಲಿಯ ಕೆರೆಗೆ ನೀರು ತರುವ ಕಾಲುವೆಯನ್ನು ಒಬ್ಬರು ತಮ್ಮ ಹೊಲಕ್ಕೆ ಸೇರಿಸಿ ಬೇಲಿ ಹಾಕಿಕೊಂಡರು. ಊರೆಲ್ಲ ಸೇರಿ ಕಚೇರಿಗೆ ಹೋದರು. "ಕಾಲುವೆ ಇತ್ತು ಅನ್ನೋದಕ್ಕೆ ಹಳೆ ದಾಖಲೆ ಏನಿದೆ, ತನ್ನಿ" ಅಂದರು. ಏನು ತರುವುದು? ಕಾಲುವೆಯ ಹೆಸರು, ಅಗಲ, ಅದನ್ನು ಹೂಳೆತ್ತುವ ಸರದಿ, ಎಲ್ಲವೂ ಆ ಕಟ್ಟುಗಳಲ್ಲಿ ಇದ್ದಿರಬೇಕು. ಇತ್ತೋ ಇಲ್ಲವೋ ನೋಡುವುದಕ್ಕೂ ಈಗ ದಾರಿಯಿಲ್ಲ. ಮಳೆ ಕಡಿಮೆ ಬೀಳುವ ನಮ್ಮಂಥ ಸೀಮೆಯಲ್ಲಿ ಒಂದು ಕೆರೆಯ ಕಾಲುವೆ ಹೋಯಿತೆಂದರೆ ಹೊಟ್ಟೆಗೆ ಹೋಯಿತೆಂದೇ ಅರ್ಥ. ಚರಿತ್ರೆಯಿಂದ ಹೊಟ್ಟೆ ತುಂಬುವುದಿಲ್ಲ ಅನ್ನುವವರು ಆ ಕೆರೆಯ ಏರಿ ಮೇಲೆ ನಿಂತು ಆ ಮಾತು ಆಡಲಿ.

ಇಲ್ಲಿ ಇಂಗ್ಲೆಂಡಿನ ಒಂದು ಉದಾಹರಣೆ ಹೇಳುತ್ತೇನೆ. ಆ ದೇಶದಲ್ಲಿ ಒಂದೊಂದು ಚರ್ಚಿಗೆ ಸೇರಿದ ಊರನ್ನು ಪ್ಯಾರಿಷ್ ಅನ್ನುತ್ತಾರೆ. 1538ರಲ್ಲಿ ಅಲ್ಲಿ ಒಂದು ಆಜ್ಞೆಯಾಯಿತು. ಊರಿನ ಪ್ರತಿ ನಾಮಕರಣ, ಪ್ರತಿ ಮದುವೆ, ಪ್ರತಿ ಮಣ್ಣು, ಒಂದು ಪುಸ್ತಕದಲ್ಲಿ ಬರೆದಿಡಬೇಕು ಎಂದು. ಎಷ್ಟೋ ಗುಡ್ಡಗಾಡಿನ ಹಳ್ಳಿಗಳಲ್ಲಿ ಹಳೆಯ ಪುಸ್ತಕಗಳು ಇವತ್ತಿಗೂ ಇವೆ. ಅದರಲ್ಲಿ ದೊರೆಯ ಹೆಸರೂ ಇದೆ, ಕೂಲಿಯವನ ಮಗುವಿನ ಹೆಸರೂ ಇದೆ. ಸೆಲ್ಬೋರ್ನ್ ಅಂತ ಒಂದು ಹಳ್ಳಿ, ಹಿಂದೆ ಗುಡ್ಡ, ಗುಡ್ಡದ ತುಂಬ ಮರ. ಅಲ್ಲಿಯ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ತನ್ನ ಊರಿನ ಹಕ್ಕಿ, ಹುಳ, ಮಳೆ, ಬೆಳೆಗಳ ವಿಷಯವನ್ನೂ, ಊರಿನ ಹಳೆಯ ಸಂಗತಿಗಳನ್ನೂ ಬರೆದು 1789ರಲ್ಲಿ ಪುಸ್ತಕ ಮಾಡಿದ. ಅದರಲ್ಲಿ ದೊಡ್ಡ ಯುದ್ಧವಿಲ್ಲ. ಆದರೂ ಇನ್ನೂರು ವರ್ಷಕ್ಕೂ ಮೇಲೆ ಅದನ್ನು ಜನ ಓದುತ್ತಲೇ ಇದ್ದಾರೆ.

ಇಂಗ್ಲಿಷರನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ತಮ್ಮ ಊರಿನಲ್ಲಿ ಮಗು ಹುಟ್ಟಿದ್ದನ್ನು ಬರೆದಿಟ್ಟ ಜನ ನಮ್ಮೂರಿಗೆ ಬಂದು ಕಂದಾಯವನ್ನು ಬರೆದಿಟ್ಟರು. 1876ರಿಂದ 78ರ ಆ ಧಾತು ಈಶ್ವರ ಬರದಲ್ಲಿ ಬಳ್ಳಾರಿ ಸೀಮೆಯ ಜನ ಹುಳಗಳ ಹಾಗೆ ಸತ್ತರು. ಆಗ ಕಲ್ಲು ಒಡೆಯಲು ಬಂದ ಕೂಲಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಸ್ವಲ್ಪ ಕಾಸು ಸಾಕು ಎಂದು ಸರ್ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ. ಸತ್ತವರ ಸಂಖ್ಯೆ ಅವರ ವರದಿಯಲ್ಲಿದೆ, ಸತ್ತವರ ಹೆಸರಿಲ್ಲ. ಹೆಸರನ್ನು ನಾವು ಬರೆಯಬೇಕಿತ್ತು. ಬರೆಯಲಿಲ್ಲ. ಅವರ ರಾಜ್ಯ ನಮಗೆ ಬೇಡ, ಆದರೆ ತಮ್ಮೂರನ್ನು ತಾವೇ ಬರೆದುಕೊಳ್ಳುವ ಆ ಅಭ್ಯಾಸವನ್ನು ಕಲಿತರೆ ತಪ್ಪೇನು?

ನಮಗೆ ಈ ಕೆಲಸ ಇನ್ನೂ ಹೆಚ್ಚು ಅಗತ್ಯ. ಯಾಕೆಂದರೆ ನಾವು ಗಡಿಯಲ್ಲಿದ್ದೇವೆ. ಬಳ್ಳಾರಿ ಜಿಲ್ಲೆಯನ್ನು 1882ರಲ್ಲಿ ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರ ಈ ಕಡೆ ಬಂತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ಮೂರು ತಾಲೂಕು ಆಂಧ್ರಕ್ಕೆ ಬಂದವು, ಉಳಿದ ಬಳ್ಳಾರಿ ಮೈಸೂರಿಗೆ ಹೋಯಿತು. ಈಗ 2022ರ ಏಪ್ರಿಲ್‌ನಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲಿ ಉಳಿಯಿತು. ಆದ್ದರಿಂದ ಇಂಗ್ಲಿಷರ ಕಾಲದ ಗೆಜೆಟಿಯರಿನಲ್ಲಿ ರಾಯದುರ್ಗ ಬೇಕಾದರೆ 1904ರ ಬಳ್ಳಾರಿ ಪುಸ್ತಕ ತೆಗೆಯಬೇಕು, ಮಡಕಶಿರ ಬೇಕಾದರೆ 1905ರ ಅನಂತಪುರದ ಪುಸ್ತಕ ತೆಗೆಯಬೇಕು. ಬೆಂಗಳೂರಿನಲ್ಲಿ ಕನ್ನಡ ನಾಡಿನ ಚರಿತ್ರೆ ಬರೆಯುವವರಿಗೆ ನಾವು ಆಂಧ್ರದವರು. ಆಂಧ್ರದ ಚರಿತ್ರೆ ಬರೆಯುವವರಿಗೆ ನಾವು ಕನ್ನಡದವರು. ಎರಡು ಮನೆಯ ನೆಂಟ ಉಪವಾಸ ಬಿದ್ದ ಹಾಗೆ.

ಇದಕ್ಕೆ ಗಡಿ ಬದಲಾಯಿಸುವುದೇ ಮದ್ದು ಅನ್ನುವವರು ಇದ್ದಾರೆ. ನವೆಂಬರ್ ಒಂದಕ್ಕೆ ಆ ಕಡೆಯಿಂದ ಬಾವುಟ ಹಿಡಿದು ಬಂದು, ಮಡಕಶಿರ ನಮ್ಮದು, ರಾಯದುರ್ಗ ನಮ್ಮದು ಎಂದು ಕೂಗಿ, ಸಂಜೆ ಬಸ್ಸಿಗೆ ವಾಪಸ್ಸು ಹೋಗುತ್ತಾರೆ. ಅವರಿಗೆ ನಾನು ಕೈಮುಗಿದು ಕೇಳುತ್ತೇನೆ. ಸ್ವಾಮಿ, ನೀವು ಕೂಗಿದ್ದರಿಂದ ನಮ್ಮ ಒಂದು ಇಸ್ಕೂಲಿಗೆ ಒಬ್ಬ ಕನ್ನಡ ಮೇಷ್ಟ್ರು ಬಂದರಾ? ಒಂದು ಶಾಸನದ ಸುಣ್ಣ ಕೆರೆದರಾ? ಮತ್ತೆ, ನಿಮ್ಮದೇ ತುಮಕೂರು ಜಿಲ್ಲೆಯ ಪಾವಗಡ ಸುತ್ತ ಆಂಧ್ರವಿಟ್ಟುಕೊಂಡು, ಮನೆಯಲ್ಲಿ ತೆಲುಗು ಆಡಿಕೊಂಡು ಕರ್ನಾಟಕದಲ್ಲಿ ಇದೆ. ಅಲ್ಲಿಯ ತೆಲುಗಿನವರ ಪಾಡು, ಇಲ್ಲಿಯ ಕನ್ನಡದವರ ಪಾಡು ಎರಡೂ ಒಂದೇ. ಗೆರೆ ಎಲ್ಲಿ ಎಳೆದರೂ ಆ ಕಡೆ ಕೆಲವರು ಈ ಕಡೆ ಕೆಲವರು ಉಳಿದೇ ಉಳಿಯುತ್ತಾರೆ. ನಮಗೆ ಬೇಕಾದ್ದು ಗೆರೆ ಅಲ್ಲ. ನಮ್ಮ ಅಟ್ಟದ ಮೇಲಿನದನ್ನು ಓದಬಲ್ಲ ಮಕ್ಕಳು ಬೇಕು.

ಈ ಕಡೆಯ ಕೆಲವರು, "ಏಮಿ ಸಾರ್, ಕನ್ನಡ ರಾಜಕೀಯ ಎತ್ತುತೀರಾ?" ಅನ್ನುತ್ತಾರೆ. ಇಲ್ಲಪ್ಪಾ. ನಮ್ಮೂರಿನ ಚರಿತ್ರೆ ಬರೀ ಕನ್ನಡದ್ದು ಅಂತ ನಾನು ಹೇಳಿದರೆ ಅದೂ ಪಾಂಡವರ ಕಥೆಯೇ ಆಗುತ್ತದೆ. ಒಂದೇ ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಬೈದು ಸೊಸೆ ತೆಲುಗಿನಲ್ಲಿ ಉತ್ತರ ಕೊಡುವ ಸೀಮೆ ಇದು. ಕಂಬದೂರಿನ ಹತ್ತಿರದ ರಾಳ್ಳಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದರು, ಎರಡು ಭಾಷೆಯಲ್ಲೂ ಬರೆದರು, ಎರಡು ಕಡೆಯವರೂ ಅವರನ್ನು ನಮ್ಮವರು ಅಂದರು. ಅಂಥ ಮಣ್ಣು ಇದು. ಊರಿನ ಚರಿತ್ರೆ ಬರೆದರೆ ಎರಡು ಭಾಷೆಯಲ್ಲೂ ಬರೆಯೋಣ. ಆದರೆ ಕಲ್ಲಿನ ಮೇಲೆ, ಕಡತದ ಒಳಗೆ ಇರುವುದು ಬಹುಪಾಲು ಕನ್ನಡ. ಅದನ್ನು ಓದುವವರೇ ಇಲ್ಲದ ಹಾಗೆ ಮಾಡಿಕೊಂಡು ಚರಿತ್ರೆ ಬರೆಯುತ್ತೇವೆ ಅಂದರೆ, ಬೀಗದ ಕೈ ಬಾವಿಗೆ ಹಾಕಿ ಬಾಗಿಲು ತೆಗೆಯಲು ಹೋದ ಹಾಗೆ.

ಬೀಗದ ಕೈಯನ್ನು ನಾವೇ ಬಾವಿಗೆ ಹಾಕುತ್ತಿದ್ದೇವೆ ಅನ್ನುವುದು ನನ್ನ ದೊಡ್ಡ ದೂರು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಆ ಕಡೆ ಡಿ. ಹಿರೇಹಾಳು, ಬೊಮ್ಮನಹಾಳು, ಇಲ್ಲೆಲ್ಲ ಕನ್ನಡ ಮಾಧ್ಯಮದ ಇಸ್ಕೂಲುಗಳು ಇವೆ. ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ನಮ್ಮಂಥವರ ನೆನಪಾಗಿಯೇ ಅದನ್ನು ಸೇರಿಸಿದರು. 2019ರಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮ ಮಾಡುತ್ತೇವೆ ಎಂದು ಆದೇಶ ಬಂತು, 2020ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಕೋರ್ಟು ಉಳಿಸಿಕೊಡಬಹುದು. ಆದರೆ ನಾವೇ ಮಗುವನ್ನು ಬೆಳಿಗ್ಗೆ ಏಳಕ್ಕೆ ಹಳದಿ ವ್ಯಾನಿಗೆ ಹತ್ತಿಸಿ ಕಳಿಸಿದರೆ ಯಾವ ಕೋರ್ಟು ಏನು ಮಾಡೀತು? ಇಂಗ್ಲಿಷ್ ಕಲಿಯಬೇಡಿ ಅಂತ ನಾನು ಹೇಳುವುದಿಲ್ಲ. ಕಲಿಯಲಿ, ಚೆನ್ನಾಗಿ ಕಲಿಯಲಿ. ಆದರೆ ತಾತನ ಅಕ್ಷರ ಗುಜರಿಯವನ ತಕ್ಕಡಿಯಲ್ಲಿ ಬಿದ್ದಾಗ "ಯಾವ ಭಾಷೆನೋ" ಅನ್ನುವಷ್ಟು ದೂರ ಹೋಗುವುದು ಕಲಿಕೆ ಅಲ್ಲ.

ಬರೀ ಬೈದು ಮುಗಿಸಿದರೆ ಮೇಷ್ಟ್ರಿಗೆ ಇದೇ ಕೆಲಸ ಅನ್ನುತ್ತೀರಿ. ಆದ್ದರಿಂದ ಮಾಡಬೇಕಾದ್ದನ್ನೂ ಹೇಳುತ್ತೇನೆ. ಇದಕ್ಕೆ ಸರ್ಕಾರ ಬೇಡ, ಹೆಚ್ಚು ದುಡ್ಡೂ ಬೇಡ.

ನಮ್ಮ ವಾಚನಾಲಯದಲ್ಲಿ ಒಂದು ದಪ್ಪ ನೋಟು ಪುಸ್ತಕ ಇಡೋಣ. ಊರ ಪುಸ್ತಕ ಅಂತ ಹೆಸರಿಡೋಣ. ಊರಿನ ಪ್ರತಿ ಹೊಲದ ಹೆಸರು, ಪ್ರತಿ ಬಾವಿಯ ಹೆಸರು, ಕೆರೆಯ ತೂಬು, ಕೋಡಿ, ಕಾಲುವೆ ಅದರಲ್ಲಿ ಬರೆಯೋಣ. ಸರ್ವೆ ನಂಬರು ಕಚೇರಿಯಲ್ಲಿ ಸಿಗುತ್ತದೆ, ಹೊಲದ ಹೆಸರು ಅಜ್ಜಿಯ ಬಾಯಲ್ಲಿ ಮಾತ್ರ ಸಿಗುತ್ತದೆ, ಅಜ್ಜಿ ಹೋದರೆ ಸಿಗುವುದಿಲ್ಲ. ಮೇಷ್ಟ್ರುಗಳು ಬೇಸಿಗೆ ರಜಕ್ಕೆ ಮಕ್ಕಳಿಗೆ ಇದೇ ಮನೆಗೆಲಸ ಕೊಡಲಿ. ಊರಿನ ಸುತ್ತ ಇರುವ ಬರಹದ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು ಎಲ್ಲಿವೆ ಎಂದು ಪಟ್ಟಿ ಮಾಡಿ, ಫೋನಿನಲ್ಲಿ ಫೋಟೋ ತೆಗೆದು ಇಡೋಣ. ಕಲ್ಲಿಗೆ ಸುಣ್ಣ, ಬಣ್ಣ, ಎಣ್ಣೆ ಬಳಿಯುವುದನ್ನು ನಿಲ್ಲಿಸೋಣ. ಅಟ್ಟದ ಮೇಲೆ ಕಟ್ಟು ಇರುವವರು ಗುಜರಿಯವನನ್ನು ಕರೆಯುವ ಮೊದಲು ವಾಚನಾಲಯಕ್ಕೆ ಒಂದು ಮಾತು ಹೇಳಲಿ. ಕಟ್ಟು ನಿಮ್ಮದೇ, ನಮಗೆ ಕೊಡಬೇಡಿ, ಎರಡು ದಿನ ಫೋಟೋ ತೆಗೆಯಲು ಬಿಡಿ ಸಾಕು. ಮೋಡಿ ಓದುವ ಮುದುಕರು ನಮ್ಮ ಕಡೆ ಇನ್ನೂ ಒಬ್ಬಿಬ್ಬರು ಇದ್ದಾರೆ, ಅವರು ಇರುವಾಗಲೇ ನಾಲ್ಕು ಹುಡುಗರು ಕಲಿತುಕೊಳ್ಳಲಿ.

ಕೊನೆಯದಾಗಿ, ಆ ಪುಸ್ತಕದಲ್ಲಿ ಬಾವಿಯ ವಿಷಯವೂ ಇರಲಿ. ಯಾರಿಗೆ ನೀರು ಕೊಡಲಿಲ್ಲ, ಯಾರು ಗುಡಿಯ ಹೊರಗೆ ನಿಂತರು, ಯಾರು ಜೀತಕ್ಕೆ ಇದ್ದರು. ಇದನ್ನು ಬಿಟ್ಟು ಬರೆದರೆ ನಾವೂ ಬೆಟ್ಟದ ಮೇಲೆ ಕೂತು ಬರೆದ ಹಾಗೆ. ಹಬ್ಬದ ಹೊತ್ತಿನಲ್ಲಿ ಬೇಡ ಅಂದರು ಸಮಿತಿಯವರು. ಸರಿ, ಹಬ್ಬ ಮುಗಿದಿದೆ. ಈಗ ಬರೆಯೋಣ.

ನಾನು ತಂದ ಆ ಎರಡು ಕಟ್ಟುಗಳನ್ನು ವಾಚನಾಲಯದ ಬೀರುವಿನಲ್ಲಿ ಇಟ್ಟಿದ್ದೇನೆ. ಒಂದರಲ್ಲಿ ಮೊದಲ ಹಾಳೆ ಅರ್ಧ ಗೆದ್ದಲು ತಿಂದಿದೆ. ಉಳಿದರ್ಧದಲ್ಲಿ ಒಂದು ಕೆರೆಯ ಕಾಲುವೆ ಹೂಳೆತ್ತಲು ಆಳು ಕೊಟ್ಟ ಮನೆಗಳ ಪಟ್ಟಿ ಇದೆ. ಆ ಬೇಲಿ ಹಾಕಿದ ಕಾಲುವೆಯದ್ದಲ್ಲ, ಬೇರೆ ಕೆರೆಯದ್ದು. ಹದಿನೇಳು ಹೆಸರು ಓದಲು ಬಂತು. ಅದರಲ್ಲಿ ಒಬ್ಬ ರಾಜನೂ ಇಲ್ಲ. ಬಂದು ನೋಡಿ, ನಿಮ್ಮ ಮುತ್ತಾತ ಇದ್ದರೂ ಇರಬಹುದು.